ಬಂಗುಡೆ ಕಣ್ಣಿನ ಹೊದಿಕೆ

ನನ್ನ ಕ್ರೋಷಾ ಕೆಲಸಕ್ಕೆ ಅಲ್ಲಿಯವರೆಗೆ ಯಾರೂ ತಪ್ಪು ಹೇಳಿರಲಿಲ್ಲ. ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಕೊಡಲೆಂದು ಒಂದು ಹೊದಿಕೆ ಹೆಣೆಯುತ್ತಿದ್ದೆ. ಕಾಪುವಿನಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ಕೊನೆಯ ಸಾಲು ಮುಗಿಸುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ಮೀನು ಮಾರುವ ಅಮ್ಮ ಅದನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

“ಹೆಣಿಗೆಯ ಕಣ್ಣು ಭಾರಿ ದೊಡ್ಡದಾಯಿತಲ್ಲ ಮಾರಾಯ್ತಿ. ಮಗುವಿನ ಬೆರಳು ಸಿಕ್ಕಿದರೆ ಎಂತ ಮಾಡ್ತಿ?”

“ಅದು ಡಿಸೈನ್ ಅಮ್ಮ,” ಎಂದೆ, ಸ್ವಲ್ಪ ಬಿಗಿಯಾಗಿಯೇ.

“ಬಂಗುಡೆ ಬಲೆಗೂ ಇದೇ ಡಿಸೈನ್. ಮೀನಿನ ತಲೆ ಒಳಗೆ ಹೋಗ್ತದೆ, ಹಿಂದೆ ಬರುವುದಿಲ್ಲ. ನೋಡು,” ಎಂದು ಒಂದು ತೂತಿಗೆ ಬೆರಳು ತೂರಿಸಿದರು.

ಬೆರಳು ನಿಜವಾಗಿಯೂ ಹಿಂದೆ ಬರಲಿಲ್ಲ. ನೂಲು ಅವರ ಉಂಗುರಕ್ಕೆ ಸುತ್ತಿಕೊಂಡಿತ್ತು. ಅಷ್ಟರಲ್ಲಿ ಅವರು ಇಳಿಯುವ ಸ್ಟಾಪ್ ಬಂತು, ಕಂಡಕ್ಟರ್ ಬೊಬ್ಬೆ ಹಾಕಿದ. ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡು ನಾನೂ ಅವರ ಹಿಂದೆಯೇ ಕಟಪಾಡಿಯಲ್ಲಿ ಇಳಿದೆ.

ಬೆರಳು ಬಿಡಿಸಿಕೊಂಡ ಮೇಲೆ ಅವರು ಹೊದಿಕೆಯನ್ನು ಮತ್ತೊಮ್ಮೆ ಎಳೆದು ನೋಡಿ ಹೇಳಿದರು: “ಬಲೆ ಒಳ್ಳೆಯದುಂಟು.”

ತಮ್ಮನ ಮಗುವಿಗೆ ಒತ್ತಾಗಿ ಬೇರೊಂದು ಹೆಣೆದುಕೊಟ್ಟೆ. ಮೊದಲಿನದು ಈಗ ನಮ್ಮ ಅಡುಗೆಮನೆಯ ಕಿಟಕಿಯ ಪರದೆ. ಬೆಕ್ಕಿನ ಉಗುರು ಎರಡು ಸಲ ಅದರಲ್ಲಿ ಸಿಕ್ಕಿಬಿದ್ದಿದೆ. ಬಂಗುಡೆ ಸಿಗುವುದೊಂದು ಬಾಕಿ.