ಹಬ್ಬದ ದಿನ ಗೆರೆ ಮೀರಿದ ಎಣ್ಣೆ

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯವರ ಕಾರಿಗೆ ಮನೆಬಾಗಿಲಲ್ಲೇ ಸರ್ವಿಸ್ ಮಾಡುವವರು ಬಂದಿದ್ದರು. ಕೆಳಗೊಂದು ಟ್ರೇ ಇಟ್ಟು ಹಳೆಯ ಎಂಜಿನ್ ಆಯಿಲ್ ಇಳಿಸುತ್ತಿದ್ದರು. ತುಳಸಿಗೆ ನೀರು ಹಾಕಲು ಹೊರಗೆ ಬಂದವಳು ಚೊಂಬು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಬಿಸಿ ಆಯಿಲಿಗೆ ಒಂದು ವಾಸನೆ ಇರುತ್ತದೆ, ಸೀದುಹೋದ ಬಾಣಲೆಗೆ ಸೀಮೆಎಣ್ಣೆ ತಾಗಿದ ಹಾಗೆ... ಎಷ್ಟೋ ವರ್ಷದ ಹಿಂದೆ ಮೈಸೂರು ರಸ್ತೆಯ ಪಕ್ಕದಲ್ಲಿ, ಸುಡುಬಿಸಿಲಿನಲ್ಲಿ, ಇದೇ ವಾಸನೆಯ ನಡುವೆ ನಿಂತಿದ್ದೆ. ಜೊತೆಯಲ್ಲಿದ್ದವರು ಎದುರುಮನೆಯ ಆಂಟಿ.

ಎರಡು ಸಾವಿರದ ದಶಕದ ನಡುಭಾಗ ಇರಬೇಕು. ವಿಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ಆಗಿನ್ನೂ ಕಾರಿಗಿಂತ ಸ್ಕೂಟರುಗಳೇ ಹೆಚ್ಚು. ಎದುರುಮನೆಯಲ್ಲಿ ಆಂಟಿ, ಅಂಕಲ್ ಇಬ್ಬರೇ. ಅಂಕಲ್‌ಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಸ್ಪಷ್ಟವಾಗಿ ಹೇಳುತ್ತಿದ್ದದ್ದು ಒಂದೇ ಪದ, “ಮನೆ”. ನೀರು ಬೇಕಾದರೂ “ಮನೆ”, ಕಿಟಕಿ ತೆಗೆಯಬೇಕಾದರೂ “ಮನೆ”. ಆಂಟಿಗೆ ಮಾತ್ರ ಯಾವುದು ಯಾವುದು ಎಂದು ತಿಳಿಯುತ್ತಿತ್ತು.

ಕೆಂಗೇರಿಯಲ್ಲಿ ಒಬ್ಬರು ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದರು. ವಾರಕ್ಕೆರಡು ಸಲ ಹೋಗಬೇಕು. ಅಂಕಲ್ ಆಟೋ ಹತ್ತಲಾರರು. ಹತ್ತಿಸಿದರೂ ತಿರುವಿನಲ್ಲಿ ಜಾರುತ್ತಿದ್ದರು. ಅದಕ್ಕೇ ಆಂಟಿ ಐವತ್ತು ದಾಟಿದ ಮೇಲೆ ಡ್ರೈವಿಂಗ್ ಶಾಲೆಗೆ ಸೇರಿ, ಕಲಿತು, ಒಂದು ಚಿಕ್ಕ ಹೊಸ ಕಾರು ತಂದರು. ಗೇಟಿನಿಂದ ರಿವರ್ಸ್ ತೆಗೆದು ನಮ್ಮ ಮನೆಯ ಮುಂದೆ ತಿರುಗಿಸುವಷ್ಟರಲ್ಲಿ ಆಂಟಿಯ ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿರುತ್ತಿತ್ತು.

ಈ ಕಾರು ಇಷ್ಟವಿಲ್ಲದವರು ಒಬ್ಬರಿದ್ದರು. ಅಂಕಲ್‌ರ ಅಣ್ಣ. ಮಲ್ಲತ್ತಹಳ್ಳಿಯಲ್ಲಿ ದೊಡ್ಡ ಮನೆ, ಮನೆಯ ಪಕ್ಕದಲ್ಲೇ ಲಾರಿ ಷೆಡ್ಡು. ಕೆಟ್ಟವರಲ್ಲ. ತಮ್ಮನ ಮೇಲೆ ಪ್ರಾಣ. “ಈ ಮನೆ ಬೀಗ ಹಾಕ್ಕೊಂಡು ಇಬ್ರೂ ಅಲ್ಲಿಗೇ ಬಂದ್ಬಿಡಿ, ನಮ್ಮ ಡ್ರೈವರ್ ಕರ್ಕೊಂಡು ಹೋಗ್ತಾನೆ” ಎನ್ನುವುದು ಅವರ ಹಟ. ಅವರು ಹಾಗೆಂದಾಗಲೆಲ್ಲ ಅಂಕಲ್ ಕಿಟಕಿಯ ಸರಳನ್ನು ಎಡಗೈಯಲ್ಲಿ ಹಿಡಿದುಕೊಂಡು “ಮನೆ, ಮನೆ” ಎನ್ನುತ್ತಿದ್ದರು. ಆ ಪದಕ್ಕೆ ಆಗ ಒಂದೇ ಅರ್ಥ. ಕಾರು ಓಡುತ್ತಿರುವಷ್ಟು ದಿನ ಮಾತ್ರ ಅವರು ಆ ಕಿಟಕಿಯ ಪಕ್ಕ ಇರುವುದು ಸಾಧ್ಯ ಎಂದು ಆಂಟಿಗೆ ಗೊತ್ತಿತ್ತು.

ಆಂಟಿ ಭಾವನ ಎದುರು ಕೂತು ಮಾತಾಡಿದವರಲ್ಲ. ಅವರು ಬಂದರೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಹೇಳಬೇಕಾದ್ದನ್ನು ಗಂಡನಿಗೆ ಹೇಳಿದ ಹಾಗೆ ಹೇಳುವುದು ಆ ಮನೆಯ ಪದ್ಧತಿ. ಅಂಕಲ್‌ರ ಮಾತು ನಿಂತ ಮೇಲೂ ಪದ್ಧತಿ ನಿಲ್ಲಲಿಲ್ಲ. ಒಂದು ಸಲ ನಾನು ಹುಣಸೆಹಣ್ಣು ಕೇಳಲು ಹೋದಾಗ ಆಯಿಲ್ ಜಗಳ ನಡೆಯುತ್ತಿತ್ತು.

“ಲೋ, ನಿನ್ನ ಹೆಂಡ್ತಿಗೆ ಹೇಳು,” ಅಂಕಲ್‌ರ ಕಡೆ ತಿರುಗಿ ಭಾವನವರು ಹೇಳುತ್ತಿದ್ದರು. “ಹೊಸ ಎಂಜಿನ್ ಒಳಗೆ ಕಬ್ಬಿಣದ ಪುಡಿ ಉದುರ್ತಾ ಇರುತ್ತೆ. ಮೊದಲನೇ ಆಯಿಲ್ ಈಗ್ಲೇ ಚೆಲ್ಲಿಸಬೇಕು. ಆಮೇಲೆ ನಮ್ಮ ಲಾರಿಗೆ ಹಾಕೋದನ್ನೇ ಹಾಕ್ಸು. ಜೇನುತುಪ್ಪ ಇದ್ದಂಗಿರುತ್ತೆ, ಸದ್ದೇ ಬರಲ್ಲ.”

“ರೀ, ಕಾರಿನ ಪುಸ್ತಕದಲ್ಲಿ ತೆಳು ಆಯಿಲೇ ಬರೆದಿದ್ದಾರೆ ಅಂತ ಹೇಳಿ,” ಎಂದರು ಆಂಟಿ, ಅವರೂ ಅಂಕಲ್‌ರಿಗೇ.

“ಪುಸ್ತಕ ಬರೆದೋನು ಕೆಂಗೇರಿ ರೋಡಲ್ಲಿ ಗಾಡಿ ಓಡ್ಸಿದಾನಾ ಕೇಳು.”

“ಲಾರಿ ಬೇರೆ, ಕಾರು ಬೇರೆ ಅಲ್ವಾ ಅಂತ ಕೇಳಿ.”

ನಡುವೆ ಕೂತ ಅಂಕಲ್ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಲೆ ತಿರುಗಿಸಿ, ಕೊನೆಗೆ ನನ್ನನ್ನು ನೋಡಿದರು.

ಆ ಕಾರಿನ ಪುಸ್ತಕವನ್ನು ನಾವಿಬ್ಬರೂ ಮಧ್ಯಾಹ್ನಗಳಲ್ಲಿ ಓದುತ್ತಿದ್ದೆವು. ನಾನು ಇಂಗ್ಲಿಷು ಬಿಡಿಸಿ ಹೇಳುವುದು, ಆಂಟಿ ಅವರೆಕಾಯಿ ಸುಲಿಯುತ್ತಾ ಕೇಳುವುದು. ಯಾವ ನಂಬರಿನ ಆಯಿಲ್, ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ ಬದಲಾಯಿಸಬೇಕು, ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದು. “ನಮ್ಮದು ಅಷ್ಟೊಂದು ಓಡಲ್ಲ, ತಿಂಗಳೇ ಮೊದಲು ಬರೋದು,” ಎಂದರು ಆಂಟಿ. ಓಡಿಸದೆ ನಿಲ್ಲಿಸಿದರೂ ಆಯಿಲ್ ಯಾಕೆ ಹಳತಾಗಬೇಕು ಎಂದು ನಾನು ಕೇಳಿದ್ದಕ್ಕೆ, “ದೋಸೆಹಿಟ್ಟು ಸುಮ್ನೆ ಇಟ್ರೂ ಹುಳಿ ಬರಲ್ವೇನೇ?” ಎಂದಿದ್ದರು. ದಪ್ಪ, ತೆಳುವಿನ ಲೆಕ್ಕವೂ ಅವರಿಗೆ ಅಡುಗೆಮನೆಯಲ್ಲೇ ಸಿಕ್ಕಿತ್ತು. “ಚಳಿಗಾಲದ ಬೆಳಿಗ್ಗೆ ಹರಳೆಣ್ಣೆ ಬಾಟ್ಲಿ ಬಗ್ಗಿಸಿದ್ರೆ ಬೀಳುತ್ತಾ? ಕಡ್ಲೆಕಾಯಿ ಎಣ್ಣೆ ನೋಡು, ತಕ್ಷಣ ಬರುತ್ತೆ. ಎಂಜಿನ್‌ಗೂ ಬೆಳಿಗ್ಗೆ ಎದ್ದ ತಕ್ಷಣ ಎಣ್ಣೆ ಸಿಗಬೇಕು ಕಣೇ.” ಆಯಿಲ್ ನೋಡುವ ಕಡ್ಡಿಯಲ್ಲಿ ಎರಡು ಗೆರೆಗಳಿವೆ, ಮಟ್ಟ ಅವೆರಡರ ನಡುವೆ ಇರಬೇಕು ಎನ್ನುವುದನ್ನು ನನ್ನಿಂದ ಎರಡು ಸಲ ಓದಿಸಿಕೊಂಡಿದ್ದರು.

ಆಯುಧಪೂಜೆ ಬಂತು. ಭಾವನವರು ತಮ್ಮ ಲಾರಿಗಳ ಪೂಜೆ ಮುಗಿಸಿ, ಬಾಳೆಕಂದು, ಬೂದುಗುಂಬಳಕಾಯಿ ಹಿಡಿದುಕೊಂಡು ಬಂದರು. ಕಾರು ತೊಳೆದು, ಚೆಂಡುಹೂವಿನ ಹಾರ ಹಾಕಿ, ವಿಭೂತಿ ಬಳಿದರು. ನಾನು ನಮ್ಮ ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಾ ನಮ್ಮ ಗೇಟಿನಿಂದ ನೋಡುತ್ತಿದ್ದೆ. ಭಾವನವರು ಬಾನೆಟ್ಟು ತೆರೆದು ಕಡ್ಡಿ ಎಳೆದು ನೋಡಿದರು. ಮಟ್ಟ ಎರಡು ಗೆರೆಗಳ ಮಧ್ಯಕ್ಕಿತ್ತಂತೆ.

“ಅರ್ಧ ಇದೆಯಲ್ಲೋ,” ಎಂದರು. “ಹಬ್ಬದ ದಿನ ಯಾವುದೂ ಅರ್ಧ ಇರಬಾರದು.”

ಅವರ ಮನೆಯಲ್ಲಿ ಹಾಗೇ. ಹಬ್ಬದ ದಿನ ಅಕ್ಕಿಡಬ್ಬ ತುಂಬಿರಬೇಕು, ಕೊಡ ತುಂಬಿರಬೇಕು, ದೇವರ ದೀಪದ ಎಣ್ಣೆ ಅಂಚಿನವರೆಗೂ ಇರಬೇಕು. ತಾವು ಬಂದ ಸ್ಕೂಟರಿನಿಂದ ಲಾರಿ ಆಯಿಲಿನ ಡಬ್ಬ ತಂದು, ಮುಚ್ಚಳ ಬಿಚ್ಚಿ, ದೇವರ ಹೆಸರು ಹೇಳುತ್ತಾ ಸುರಿದರು. ಸುರಿಯುತ್ತಲೇ ಇದ್ದರು. ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದ ಆಂಟಿ ಅದನ್ನು ನೋಡಿ ಹೊಸ್ತಿಲಲ್ಲೇ ನಿಂತರು. “ರೀ...” ಎಂದರು. ಅಂಕಲ್ ಒಳಗೆ ಕುರ್ಚಿಯಲ್ಲಿದ್ದರು. ಹಬ್ಬದ ದಿನ, ಭಾವ, ಬೀದಿಯ ಜನರೆಲ್ಲ ಹೊರಗೆ... ಮುಂದಿನ ಮಾತು ಬರಲಿಲ್ಲ. ಭಾವನವರು ಕುಂಬಳಕಾಯಿ ಒಡೆದು, ಹೊರಡುವಾಗ ಒಳಗಿದ್ದ ತಮ್ಮನಿಗೆ ಕೇಳುವ ಹಾಗೆ ಕೂಗಿದರು: “ಇಷ್ಟು ಮಾಡಿದೀನಿ ಕಣೋ. ಇಷ್ಟಾದ್ಮೇಲೂ ರೋಡಲ್ಲಿ ಕೈಕೊಡ್ತೋ, ಕಾರು ನಮ್ಮ ಷೆಡ್ಡಿಗೆ, ನೀವು ನಮ್ಮನೆಗೆ. ಇನ್ನು ಮಾತಿಲ್ಲ.”

ಮಾರನೆಯ ದಿನ ವಿಜಯದಶಮಿ, ಗ್ಯಾರೇಜುಗಳಿಗೆಲ್ಲ ಬೀಗ. ಅದರ ಮಾರನೆಯ ದಿನ ಕೆಂಗೇರಿಗೆ ಹೋಗಲೇಬೇಕಿತ್ತು. ಅಂಕಲ್‌ರನ್ನು ಇಳಿಸಿಕೊಳ್ಳಲು ಒಂದು ಕೈ ಇರಲಿ ಎಂದು ನಾನೂ ಹೊರಟೆ. “ವಾಪಸ್ ಬಂದ ತಕ್ಷಣ ಮಾರೇನಹಳ್ಳಿ ಗ್ಯಾರೇಜಿಗೆ ಬಿಡ್ತೀನಿ, ಇದೊಂದು ಸಲ ಹೋಗ್ಬಿಟ್ರೆ ಸಾಕು,” ಎಂದರು ಆಂಟಿ. ದೀಪಾಂಜಲಿ ನಗರ ದಾಟುವವರೆಗೆ ಎಲ್ಲ ಸರಿಯಿತ್ತು. ನಾಯಂಡಹಳ್ಳಿ ಕಳೆದ ಮೇಲೆ ಕಾರಿನೊಳಗೆ ವಾಸನೆ ಬಂತು. ಆಂಟಿ ಮೂಗು ಅರಳಿಸಿದರು. ಪಕ್ಕದಲ್ಲಿ ಬೈಕಿನವನೊಬ್ಬ ಸಮಕ್ಕೆ ಬಂದು ಗಾಜು ತಟ್ಟಿದ.

“ಆಂಟೀ, ಹಿಂದೆ ನೋಡಿ! ಸೊಳ್ಳೆ ಓಡಿಸೋ ಗಾಡಿ ತರ ಹೊಗೆ ಬಿಟ್ಕೊಂಡು ಹೋಗ್ತಾ ಇದೀರಾ!”

ತಿರುಗಿ ನೋಡಿದೆ. ಹಿಂದಿನ ರಸ್ತೆಯೇ ಕಾಣುತ್ತಿರಲಿಲ್ಲ. ನೀಲಿ ಹೊಗೆ. ಅಷ್ಟರಲ್ಲಿ ಸ್ಟಿಯರಿಂಗಿನ ಹಿಂದೆ ಆಯಿಲಿನ ಕೆಂಪು ದೀಪ ಮಿನುಗಿತು. ಆರಿತು. ಮತ್ತೆ ಮಿನುಗಿತು. ಆ ದೀಪ ಬಂದರೆ ಒಂದು ಹೆಜ್ಜೆಯೂ ಮುಂದೆ ಹೋಗಬಾರದು ಎಂದು ಪುಸ್ತಕದಲ್ಲಿತ್ತು. ಆಂಟಿ ಎಡಕ್ಕೆ ತಂದು ಎಂಜಿನ್ ಆರಿಸಿದರು. ಅವರ ಕೈ ಕೀಲಿಯ ಮೇಲೇ ಉಳಿಯಿತು.

“ಎಂಜಿನ್ ಹೋಯ್ತೇನೋ ಕಣೇ,” ಎಂದರು, ನನ್ನ ಕಡೆ ತಿರುಗದೆ.

ಸ್ವಲ್ಪ ಹೊತ್ತು ಬಿಟ್ಟು ಇಳಿದು ಕಡ್ಡಿ ಎಳೆದರು. ಎರಡೂ ಗೆರೆ ಮುಳುಗಿ, ಆಯಿಲ್ ಎಷ್ಟೋ ಮೇಲಿತ್ತು. ಮೊಬೈಲ್ ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಕ್ಯಾನಿಕ್ ಹುಡುಕಲು ನಡೆದೇ ಹೊರಟರು. ಅಂಕಲ್‌ರ ಮುಖದ ಮೇಲೆ ಬಿಸಿಲು. ಕಾಲಡಿಯ ಮ್ಯಾಟು ಎತ್ತಿ ಕಿಟಕಿಗೆ ಅಡ್ಡ ಹಿಡಿದೆ. ಲಾರಿಗಳು ಹಾದುಹೋದಾಗಲೆಲ್ಲ ಕಾರು ಅಲುಗುತ್ತಿತ್ತು. ಆಗ ಮೊಬೈಲ್ ಹೊಡೆದುಕೊಂಡಿತು. ಭಾವನವರು. ಎತ್ತಲಿಲ್ಲ. ನಿಂತು, ಮತ್ತೆ ಹೊಡೆಯಿತು. ಅಂಕಲ್ ಮೊಬೈಲನ್ನೂ ನನ್ನನ್ನೂ ನೋಡಿದರು. ಏನು ಹೇಳಲಿ? ತಲುಪಿದೆವು ಎನ್ನಲೇ?

ಆಂಟಿ ಮೆಕ್ಯಾನಿಕ್ಕನ್ನು ಕರೆದುಕೊಂಡು ಬರುವ ಹೊತ್ತಿಗೆ ಅದು ಮೂರನೆಯ ಸಲ ಹೊಡೆಯುತ್ತಿತ್ತು. ಆಂಟಿ ಅದನ್ನು ತೆಗೆದುಕೊಂಡು ಕಿವಿಗಿಟ್ಟುಕೊಂಡರು. ಅಂಕಲ್‌ರ ಕಡೆ ತಿರುಗಲಿಲ್ಲ.

“ಭಾವ, ನಾನು. ತಲುಪಿಲ್ಲ. ನಾಯಂಡಹಳ್ಳಿ ದಾಟಿ ನಿಂತಿದೀವಿ. ನೀವು ಹಾಕಿದ ಆಯಿಲ್ ತೆಗೆಸ್ತಾ ಇದೀನಿ.”

ಆ ಕಡೆಯಿಂದ ಏನು ಬಂತೋ... “ಬನ್ನಿ,” ಎಂದು ಇಟ್ಟರು. ಆಂಟಿ ಭಾವನೊಡನೆ ನೇರವಾಗಿ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ಮೆಕ್ಯಾನಿಕ್ ಕಡ್ಡಿ ನೋಡಿ ನಕ್ಕ. “ಯಾರಕ್ಕ ಇದು, ಮದುವೆ ಮನೇಲಿ ಪಾಯಸ ಬಡಿಸಿದಂಗೆ ಬಡಿಸಿದಾರೆ! ಜಾಸ್ತಿಯಾದ್ರೆ ಒಳಗೆ ಕಡೆದು ನೊರೆ ಆಗುತ್ತೆ, ಹೊಗೆ ಬರುತ್ತೆ, ಕೆಂಪು ದೀಪಾನೂ ಬರುತ್ತೆ. ಒಂಚೂರು ತೆಗೆದುಬಿಡ್ತೀನಿ, ಹೋಗ್ತಾ ಇರಿ.”

“ಒಂಚೂರಲ್ಲ. ಪೂರ್ತಿ ತೆಗಿಯಪ್ಪ. ತೆಳು ಆಯಿಲ್ ಹಾಕು.” ಆಂಟಿ ನಂಬರು ಹೇಳಿದರು.

“ಎಲ್ಲಾ ಒಂದೇ ಅಕ್ಕ.”

“ಒಂದೇ ಅಲ್ಲ. ನಿನ್ನ ಹತ್ರ ಇಲ್ದಿದ್ರೆ ತರ್ಸು. ಕಾಯ್ತೀನಿ.”

ಅವನು ಗೊಣಗುತ್ತಾ ಹೋಗಿ ಡಬ್ಬ ತಂದ. ಕಾರಿನ ಕೆಳಗೆ ಖಾಲಿ ಪೇಂಟ್ ಡಬ್ಬ ಇಟ್ಟು ಬೋಲ್ಟು ಸಡಿಲಿಸಿದ. ಆಯಿಲ್ ಕಡೆದ ಮಜ್ಜಿಗೆಯ ಹಾಗೆ ನೊರೆ ನೊರೆಯಾಗಿ ಬಂತು. ಭಾವನವರ ಸ್ಕೂಟರು ಬಂದು ನಿಂತದ್ದು ಆಗಲೇ. ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಬಹಳ ಹೊತ್ತು ಏಳಲಿಲ್ಲ.

“ಹಬ್ಬದ ದಿನ ತುಂಬಿರಲಿ ಅಂತ ಹಾಕ್ದೆ,” ಎಂದರು, ಯಾರನ್ನೂ ನೋಡದೆ.

“ಅದು ದೇವರ ದೀಪ ಅಲ್ಲ ಭಾವ, ಎಂಜಿನ್ನು.”

ಅವರು ಎದ್ದು ನಿಂತು ಕೈ ಚಾಚಿದರು. “ಕೀ ಕೊಡಮ್ಮ.”

ಕಾರು ಷೆಡ್ಡಿಗೆ ಎಂದಿದ್ದ ಮಾತು ನೆನಪಾಯಿತು. ಆಂಟಿ ಕೀ ಬಿಗಿಯಾಗಿ ಹಿಡಿದುಕೊಂಡು, “ನಾನೇ ಸ್ಟಾರ್ಟ್ ಮಾಡ್ತೀನಿ,” ಎಂದು ಒಳಗೆ ಕೂತರು. ಅಷ್ಟರಲ್ಲಿ ಹೊಸ ಆಯಿಲ್ ಹಾಕಿಸಿ, ಕಡ್ಡಿಯನ್ನು ಆಂಟಿಯೇ ಎರಡು ಸಲ ನೋಡಿ ಆಗಿತ್ತು. ಎಂಜಿನ್ ಕೆಮ್ಮಿತು. ಕೆಂಪು ದೀಪ ಆರಿತು. ಆದರೆ ಹೊಗೆ... ಮೊದಲಿನಷ್ಟೇ ಬಂತು. ಭಾವನವರು ಹಿಂದೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಮೆಕ್ಯಾನಿಕ್ ನಗುವುದನ್ನು ನಿಲ್ಲಿಸಿದ್ದ. ನಾವೆಲ್ಲ ಆ ಕೊಳವೆಯನ್ನೇ ನೋಡುತ್ತಿದ್ದೆವು. ಆಂಟಿ ಮಾತ್ರ ಮುಂದೆ ನೋಡುತ್ತಾ, ತುಟಿ ಕಚ್ಚಿ, ಆಕ್ಸಿಲರೇಟರಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದರು. ಒಳಗೆ ಉಳಿದದ್ದು ಸುಡುತ್ತಾ ಸುಡುತ್ತಾ ಹೊಗೆ ತೆಳುವಾಯಿತು. ಬಿಳಿಯಾಯಿತು. ನಿಂತಿತು.

“ಮನೆ,” ಎಂದರು ಅಂಕಲ್.

ಭಾವನವರು ಕಿಟಕಿಯ ಹತ್ತಿರ ಬಗ್ಗಿದರು. “ಯಾವ ಮನೆ ಕಣೋ? ನಮ್ಮನೇನಾ?”

ಅಂಕಲ್ ಅಣ್ಣನ ಕಡೆ ನೋಡಲಿಲ್ಲ. ಎಡಗೈಯನ್ನು ಅಡ್ಡ ಚಾಚಿ, ಗೇರಿನ ಮೇಲಿದ್ದ ಆಂಟಿಯ ಕೈಯ ಮೇಲಿಟ್ಟು, ಮತ್ತೊಮ್ಮೆ “ಮನೆ” ಎಂದರು.

ಭಾವನವರು ಹೆಗಲ ಮೇಲಿನ ಟವೆಲಿನಿಂದ ತಮ್ಮನ ಹಣೆಯ ಬೆವರು ಒರೆಸಿ, “ಸರಿ, ನಡೀಮ್ಮ,” ಎಂದರು. “ನಾನು ಹೊಗೆ ನೋಡ್ಕೊಂಡು ಹಿಂದೆ ಬರ್ತೀನಿ.” ಕೆಂಗೇರಿಗೆ ಹೋಗುವ ಹೊತ್ತು ಮೀರಿತ್ತು. ವಿಜಯನಗರದವರೆಗೂ ಆ ಸ್ಕೂಟರು ನಮ್ಮ ಹಿಂದೆಯೇ ಬಂತು. ಸಿಗ್ನಲ್ಲಿನಲ್ಲಿ ತಿರುಗಿ ನೋಡಿದಾಗಲೆಲ್ಲ ಅವರ ಕಣ್ಣು ಕೊಳವೆಯ ಮೇಲೇ ಇತ್ತು.

ಮಲ್ಲತ್ತಹಳ್ಳಿಯ ಮಾತು ಅದಾದ ಮೇಲೆ ಏಳಲಿಲ್ಲ. ಅಂಕಲ್ ಇನ್ನೂ ಕೆಲವು ವರ್ಷ ಆ ಕಿಟಕಿಯ ಪಕ್ಕ ಕೂತರು. ಒಂದು ಬೆಳಿಗ್ಗೆ ಅಲ್ಲೇ, ಹಾಲಿನವನು ಬರುವ ಹೊತ್ತಿಗೆ, ಹೋಗಿಬಿಟ್ಟರು. ಹದಿಮೂರನೆಯ ದಿನ ಕಳೆದು ನೆಂಟರೆಲ್ಲ ಹೋದ ಮೇಲೆ ಆಂಟಿ ನನ್ನ ಹತ್ತಿರ ಅಂದರು, “ಅವರ ಮನೇಲೇ ಹೋದ್ರು ಕಣೇ. ನಾನು ಕೇಳ್ಕೊಂಡಿದ್ದು ಅಷ್ಟೇ.” ಯಾರೂ ಕರೆಯದೆಯೇ, ಅದೇ ವರ್ಷ ಮನೆಯನ್ನು ಬಾಡಿಗೆಗೆ ಕೊಟ್ಟು ಮಲ್ಲತ್ತಹಳ್ಳಿಗೆ ಹೊರಟರು. ಭಾವನವರಿಗೆ ಕಣ್ಣಿನ ಪೊರೆ ಬಂದಿತ್ತು, ನೋಡಿಕೊಳ್ಳುವವರು ಬೇಕಿತ್ತು. ಕಾರು ತಾವೇ ಓಡಿಸಿಕೊಂಡು ಹೋದರು. ಮೊದಲು ಫೋನು ಮಾಡುತ್ತಿದ್ದೆವು, ಆಮೇಲೆ ಹಬ್ಬಕ್ಕೆ ಮಾತ್ರ, ಆಮೇಲೆ... ಆಂಟಿ ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ವೈಕುಂಠ ಸಮಾರಾಧನೆಯೂ ಮುಗಿದಿತ್ತು.

ಆ ಮನೆ ಈಗಿಲ್ಲ. ಅಲ್ಲಿ ನಾಲ್ಕು ಮಹಡಿ ಎದ್ದಿದೆ. ನಿನ್ನೆ ಸಂಜೆ ಡೆಲಿವರಿ ಕೊಡಲು ಬಂದವನೊಬ್ಬ ನಮ್ಮ ಗೇಟಿಗೆ ಅಡ್ಡವಾಗಿ ಬೈಕ್ ನಿಲ್ಲಿಸಿದ. ಮಾತಿನಲ್ಲಿ ಹುಬ್ಬಳ್ಳಿ ಕಡೆಯವನು. “ಸ್ವಲ್ಪ ಮುಂದೆ ನಿಲ್ಸಪ್ಪ, ಎದುರುಮನೆಯವರಿಗೆ ಕಾರು ತಿರುಗಿಸೋಕೆ ಜಾಗ ಬೇಕು,” ಎಂದೆ. ಹಳೆಯ ಮಾತು ತಾನಾಗೇ ಬಾಯಿಗೆ ಬಂದುಬಿಟ್ಟಿತ್ತು.

ಅವನು ಹಿಂತಿರುಗಿ ನೋಡಿದ. “ಯಾವ ಕಾರ್ ರೀ ಆಂಟಿ?”

ನಾನು ಎದುರಿನ ನಾಲ್ಕು ಮಹಡಿಯ ಕಡೆ ನೋಡಿದೆ. ಅವನು ಬೈಕನ್ನು ಮುಂದಕ್ಕೆ ತಳ್ಳಿ ನಿಲ್ಲಿಸಿದ. ಒಂದು ಚಿಕ್ಕ ಕಾರು ಆರಾಮಾಗಿ ತಿರುಗುವಷ್ಟು ಜಾಗ ಆಯಿತು.