ಕ್ಯಾಮೆರಾ ಮುಂದೆ ತಾರೈವಿನಿ ಬಿಟ್ಟ ಬುರುಡೆ

ನಮ್ಮ ದ್ವೀಪದ ನವುನಿಕಾರಿ ಊರಿನಲ್ಲಿ ತಾರೈವಿನಿಯಷ್ಟು ಚುರುಕಾಗಿ ಏಡಿ ಹಿಡಿಯುವವರು ಇನ್ನೊಬ್ಬರಿಲ್ಲ. ಸಮುದ್ರದ ಇಳಿತದ ಹೊತ್ತಿಗೆ ಉಪ್ಪುನೀರಿನ ಕಾಂಡ್ಲಾ ಕಾಡಿನ ಕೆಸರಿಗೆ ಇಳಿದಳೆಂದರೆ, ಬಿಲಕ್ಕೆ ತೋಳು ತೂರಿಸಿ, ಏಡಿಗೆ ಬೈಯುತ್ತಲೇ ಅದನ್ನು ಎಳೆದುಹಾಕುತ್ತಿದ್ದಳು. ಮರಿ, ದೊಡ್ಡದು, ಮೊಟ್ಟೆ ಹೊತ್ತದ್ದು ಎಲ್ಲವೂ ಬುಟ್ಟಿಗೇ.

ರಾಜಧಾನಿ ಸುವಾದಿಂದ ಸಾಕ್ಷ್ಯಚಿತ್ರ ತೆಗೆಯುವವರು ಬಂದಾಗ ಊರಿನವರು ಅವಳನ್ನೇ ಮುಂದೆ ತಳ್ಳಿದರು. ಕ್ಯಾಮೆರಾ ಹಿಡಿದ ಹುಡುಗಿ ಕೇಳಿದಳು: "ಸಣ್ಣ ಏಡಿ ಸಿಕ್ಕಿದ್ರೆ ಏನ್ಮಾಡ್ತೀರಮ್ಮ?"

ಚರ್ಚಿಗೆ ಹೋಗುವ ಅಂಗಿ ತೊಟ್ಟು, ಕಿವಿಗೆ ದಾಸವಾಳ ಸಿಕ್ಕಿಸಿಕೊಂಡು ನಿಂತಿದ್ದ ತಾರೈವಿನಿಗೆ ನಿಜ ಹೇಳಲು ಮನಸ್ಸಾಗಲಿಲ್ಲ. "ಸಣ್ಣದಾ? ಅಯ್ಯೋ, ಮುಟ್ಟೋದೇ ಇಲ್ಲ! ಮೊಟ್ಟೆ ಇರೋದನ್ನಂತೂ ಹೋಗಿ ಬಾ ತಾಯಿ ಅಂತ ಬಿಟ್ಬಿಡ್ತೀವಿ."

ಹಿಂದೆ ನಿಂತಿದ್ದ ನಾವೆಲ್ಲ ತುಟಿ ಕಚ್ಚಿ ನಗು ತಡೆದುಕೊಂಡೆವು.

ಕೆಲವು ತಿಂಗಳಾದ ಮೇಲೆ ಚಿತ್ರ ಟಿವಿಯಲ್ಲೂ ಬಂತು, ನಮ್ಮ ಸಭಾಮನೆಯ ಗೋಡೆಯ ಮೇಲೂ ಬಂತು. ತಾರೈವಿನಿ ಬಾಯಿ ತೆರೆದದ್ದೇ ತಡ, ಚಾಪೆಯ ಮೇಲೆ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳ ನಾದಿನಿ ವಾಸಿತಿ ಕೂಗಿದಳು: "ಅತ್ತಿಗೇ, ನಿನ್ನೆ ನಮ್ಮನೇಗೆ ಮರಿಗಳ್ನ ಕೊಟ್ಯಲ್ಲ, ಅವು ಹೋಗಿ ಬರ್ತೀವಿ ಅನ್ಲಿಲ್ವಾ?"

"ಬಾಯ್ಮುಚ್ಚೇ! ತೆಂಗಿನಹಾಲಲ್ಲಿ ಅದ್ದಿ ಅದ್ದಿ ತಿನ್ನೋವಾಗ ನಿಂಗೆ ನೆನಪಾಗ್ಲಿಲ್ವಾ?"

ಆದರೆ ಹೊರಗಿನವರು ಅವಳ ಮಾತನ್ನು ನಂಬಿಬಿಟ್ಟಿದ್ದರು. ರಸ್ತೆ ಬದಿಯಲ್ಲಿ ಏಡಿ ಮಾರಲು ಕೂತಾಗ ಬಸ್ಸಿನ ಡ್ರೈವರ್ ಗಾಡಿ ನಿಲ್ಲಿಸಿ ಇಳಿದುಬಂದ. "ಟಿವಿಲಿ ಬಂದ ಅಕ್ಕ ನೀವೇ ಅಲ್ವಾ? ನಿಮ್ಮನ್ನ ನೋಡಿದ್ಮೇಲೆ ನನ್ನ ಹೆಂಡ್ತಿ, ಮರಿ ಏಡಿ ತಂದ್ರೆ ಒಲೇನೇ ಹಚ್ಚಲ್ಲ ಅಂತಾಳೆ!" ತಾರೈವಿನಿ ಮೆಲ್ಲಗೆ ಬುಟ್ಟಿಯನ್ನು ಹಿಂದಕ್ಕೆ ಸರಿಸಿದಳು. ಸಂಜೆ ಮರಿಗಳನ್ನೆಲ್ಲ ಕೆಸರಿಗೆ ಬಿಟ್ಟುಬಂದಳು.

ಅಷ್ಟರಲ್ಲಿ ಕೊಲ್ಲಿಯ ಆಚೆ ಊರಿನ ಹೆಂಗಸರು ದೋಣಿ ಹತ್ತಿ ಬಂದರು. ನಮ್ಮಲ್ಲಿ ಗೌರವದಿಂದ ಏನಾದರೂ ಕೇಳುವಾಗ ಇಡುವ ಕಾವಾ ಬೇರಿನ ಕಟ್ಟನ್ನು ಅವಳ ಮುಂದಿಟ್ಟು, "ನಿಮ್ಮ ಪದ್ಧತಿ ನಮಗೂ ಹೇಳ್ಕೊಡಿ" ಎಂದರು. ಬೇರು ಇಟ್ಟು ಕೇಳಿದವರಿಗೆ ಸುಳ್ಳು ಹೇಳುವುದುಂಟೇ? ತಾರೈವಿನಿ ಕಟ್ಟನ್ನು ಕೈಗೆತ್ತಿಕೊಂಡು ನಿಜ ಹೇಳಿಬಿಟ್ಟಳು.

"ನಾನು ಹೇಳಿದ್ದು ಸುಳ್ಳು ಕಣ್ರೇ. ಈಗ ನಿಜ ಮಾಡೋಣ, ನೀವೂ ಕೈ ಜೋಡಿಸಿ."

ಅವರನ್ನು ಕರೆದುಕೊಂಡೇ ಊರಿನ ಮುಖ್ಯಸ್ಥರ ಬಳಿಗೆ ಹೋಗಿ, ಒಂದು ವರ್ಷ ಕಾಂಡ್ಲಾ ಕಾಡಿನೊಳಗೆ ಹರಿಯುವ ದೊಡ್ಡ ತೋಡಿನಲ್ಲಿ ಯಾರೂ ಏಡಿ ಹಿಡಿಯಕೂಡದೆಂದು ಕೇಳಿಕೊಂಡಳು.

"ನೀನೊಬ್ಳು ಕೈ ಹಾಕ್ದೇ ಇದ್ರೆ ಸಾಕು ಮಾರಾಯ್ತಿ" ಎಂದು ನಗುತ್ತ ಮುಖ್ಯಸ್ಥರು ತೋಡಿನ ಬಾಯಲ್ಲಿ ತೆಂಗಿನ ಗರಿ ಕಟ್ಟಿಸಿದರು. ಗರಿ ಕಟ್ಟಿದ ನೀರಿಗೆ ನಮ್ಮಲ್ಲಿ ಯಾರೂ ಇಳಿಯುವುದಿಲ್ಲ. ಏಡಿ ಹಿಡಿಯಲು ಕೈ ತುರಿಸಿದಾಗಲೆಲ್ಲ ತಾರೈವಿನಿ ಚಾಪೆ ಹೆಣೆಯುತ್ತ ಕೂತಳು. ಆ ವರ್ಷ ಎಲ್ಲರ ಮನೆಗೂ ಹೊಸ ಚಾಪೆ. ತೋಡು ತೆರೆದ ದಿನ ಸಿಕ್ಕ ಒಂದೊಂದು ಏಡಿಯನ್ನೂ ಎರಡು ಕೈಯಲ್ಲಿ ಎತ್ತಬೇಕಾಯಿತು.

ಈಗ ಆ ಚಿತ್ರ ದ್ವೀಪದಿಂದ ದ್ವೀಪಕ್ಕೆ ಹೋಗುತ್ತದೆ, ಜೊತೆಗೆ ತಾರೈವಿನಿಯೂ. ಚಿತ್ರ ಮುಗಿದೊಡನೆ ಎದ್ದು, "ಅವತ್ತು ನಾನು ಹೇಳಿದ್ದು ಬರೀ ಬುರುಡೆ" ಎಂದು ತೋಡಿನ ಕಥೆ ಹೇಳುತ್ತಾಳೆ. ಮೊನ್ನೆ ಒಂದೂರಿನಲ್ಲಿ ಮುದುಕಿಯೊಬ್ಬಳು ಎದ್ದು ನಿಂತಳು: "ಹಾಗಾದ್ರೆ ನಮ್ಮ ಚಿತ್ರಾನೂ ತೆಗೀರಿ, ನಾವೂ ಒಂದೊಳ್ಳೇ ಸುಳ್ಳು ಹೇಳ್ತೀವಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಬೆಳಗಾದ ಮೇಲೆ ಆ ಊರಿನವರೂ ಗರಿ ಕಟ್ಟಿ ತಮ್ಮ ತೋಡನ್ನು ಮುಚ್ಚಿದರು.