ಅಳಿಯನಿಗೆ ಕೊಟ್ಟ ನಾಲ್ಕು ಗೋಲು

ಗುಂಡ್ಲುಪೇಟೆಯ ಮೈದಾನದಲ್ಲಿ ನಮ್ಮೂರಿನ ಫುಟ್‌ಬಾಲ್ ತಂಡ ನಾಲ್ಕು ಗೋಲು ತಿಂದು, ಒಂದನ್ನೂ ಹೊಡೆಯದೆ ಸೋತ ದಿನ, ಸೋಲಿಗೆ ಕಾರಣ ಹುಡುಕುವುದರಲ್ಲಿ ನಮ್ಮವರು ತೋರಿದ ಚುರುಕನ್ನು ಚೆಂಡಿನ ಹಿಂದೆ ತೋರಿದ್ದರೆ ಗೆದ್ದೇ ಬಿಡುತ್ತಿದ್ದೆವು. ಚಾಮರಾಜನಗರದ ಕಡೆಗೆ ಮರಳುವ ಟೆಂಪೋದಲ್ಲಿ ಒಬ್ಬೊಬ್ಬರಾಗಿ ಸಾಕ್ಷ್ಯ ನುಡಿದರು. ರೆಫರಿಗೆ ಕಣ್ಣು ಕಾಣುವುದಿಲ್ಲ. ಮೈದಾನ ಒಂದು ಕಡೆಗೆ ಇಳಿಜಾರು; ಅರ್ಧ ಆಟ ಮುಗಿದ ಮೇಲೆ ಕಡೆ ಬದಲಾಯಿಸಿದ್ದನ್ನು ಮಾತ್ರ ಯಾರೂ ನೆನೆಯಲಿಲ್ಲ. ಎದುರಾಳಿಗಳು ಗಡಿಯಾಚೆಯಿಂದ ಕರೆಸಿಕೊಂಡಿದ್ದ ಕೋಚ್ ಮಲಯಾಳದಲ್ಲಿ ಕೂಗುತ್ತಿದ್ದುದರಿಂದ ಅವರ ಉಪಾಯ ತಿಳಿಯಲಿಲ್ಲವಂತೆ. ಕನ್ನಡದಲ್ಲಿ ಕೂಗಿದ್ದರೆ ಇವರು ಏನು ಕಡಿದು ಕಟ್ಟೆ ಹಾಕುತ್ತಿದ್ದರೋ!

“ಗೋಲ್ ಕಂಬದ ಬುಡದಲ್ಲಿ ಯಾರೋ ನಿಂಬೆಹಣ್ಣು ಮಡ್ಗಿದ್ರು ಕಣ್ಲಾ, ನಾನೇ ಕಂಡೆ,” ಎಂದು ನಮ್ಮ ಗೋಲ್‌ಕೀಪರ್ ಆಣೆಯಿಟ್ಟ.

“ನಿಂಬೆಹಣ್ಣು ಕಾಣುಸ್ತು, ಚೆಂಡು ಕಾಣಿಸ್ಲಿಲ್ವಾ?” ಎಂದೆ.

ಎಲ್ಲರೂ ನಕ್ಕರು. ಚಿಕ್ಕಪ್ಪ ನಗಲಿಲ್ಲ. ಏಕೆಂದರೆ ನನ್ನ ಮುಂದಿನ ಪ್ರಶ್ನೆ ಯಾರ ಕಡೆಗೆ ಬರುತ್ತದೆಂದು ಟೆಂಪೋದಲ್ಲಿದ್ದವರಿಗೆಲ್ಲ ಗೊತ್ತಿತ್ತು.

ನಾಲ್ಕೂ ಗೋಲು ಬಂದದ್ದು ನಮ್ಮ ಎಡಗಡೆಯಿಂದ. ಎಡಗಡೆಯ ಡಿಫೆನ್ಸ್ ಎಂದರೆ ನನ್ನ ಚಿಕ್ಕಪ್ಪ. ತಂಡವನ್ನು ಕಟ್ಟಿದವರು ಅವರು, ಕ್ಯಾಪ್ಟನ್ ಅವರು, ತಂಡಕ್ಕೆ ಏಳೇ ಮಂದಿ ಆಡುವ ಈ ಟೂರ್ನಮೆಂಟಿಗೆ ಆ ಏಳು ಮಂದಿಯನ್ನು ಆರಿಸುವವರೂ ಅವರೇ. ಹಾಗಾಗಿ ಪ್ರತಿ ಸಲವೂ ತಮ್ಮನ್ನು ತಾವೇ ಅವಿರೋಧವಾಗಿ ಆರಿಸಿಕೊಳ್ಳುತ್ತಿದ್ದರು. ಅವರ ವಯಸ್ಸಿನ ಬಗ್ಗೆ ನನಗೆ ತಕರಾರಿಲ್ಲ. ತಕರಾರಿದ್ದದ್ದು ಅವರ ಮರ್ಯಾದೆಯ ಬಗ್ಗೆ. ಗುಂಡ್ಲುಪೇಟೆ ತಂಡದಲ್ಲಿ ಅವರಿಗೆ ಎದುರಾಗಿ ಓಡಿ ಬರುತ್ತಿದ್ದ ಫಾರ್ವರ್ಡ್, ಹೋದ ವರ್ಷವಷ್ಟೇ ಅವರ ಮಗಳನ್ನು ಮದುವೆಯಾದ ಅಳಿಯ.

ಮೊದಲ ಗೋಲಿಗೆ ಚಿಕ್ಕಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಎರಡನೆಯದಕ್ಕೂ ಅದೇ ಉಪಚಾರ. ಮೂರನೆಯ ಸಲ ಮಾತ್ರ ಏನೋ ಆವೇಶ ಬಂದು ಕಾಲು ಚಾಚಿದರು. ಕಾಲು ಚೆಂಡಿಗೆ ತಗುಲದೆ ಅಳಿಯನ ಮೊಣಕಾಲಿಗೆ ತಗುಲಿತು. ಆಗ ನಮ್ಮ ಕ್ಯಾಪ್ಟನ್ ಮಾಡಿದ್ದನ್ನು ಜಗತ್ತಿನ ಬೇರಾವ ಡಿಫೆಂಡರನೂ ಮಾಡಿರಲಾರ. ಅಲ್ಲೇ ಬಗ್ಗಿ, ಅಳಿಯನ ತೋಳು ಮುಟ್ಟಿ, ಆ ಬೆರಳುಗಳನ್ನು ಎರಡು ಕಣ್ಣಿಗೂ ಒತ್ತಿಕೊಂಡರು. ಅವರು ಕಣ್ಣು ಬಿಡುವುದರೊಳಗೆ ಚೆಂಡು ಬಲೆಯಲ್ಲಿತ್ತು. ನಾಲ್ಕನೆಯ ಗೋಲನ್ನು ನಾನು ನೋಡಲಿಲ್ಲ. ನಾಚಿಕೆಯಿಂದ ಪಕ್ಕದ ಚೆಂಡುಹೂವಿನ ಹೊಲದ ಕಡೆ ಮುಖ ಮಾಡಿಕೊಂಡಿದ್ದೆ.

ಮೈಸೂರಿನಲ್ಲಿ ಎಂ.ಎ. ಓದುವಾಗ ‘ಹೊಣೆಗಾರಿಕೆ’ ಎಂಬ ಪದವನ್ನು ಪ್ರಬಂಧಗಳ ತುಂಬ ಧಾರಾಳವಾಗಿ ಚೆಲ್ಲಿದ್ದೆ. ಮಂತ್ರಿಗಳಿಂದ ಹೊಣೆಗಾರಿಕೆ ಕೇಳುವುದು ಸುಲಭ. ಅವರು ನಮ್ಮ ಪ್ರಬಂಧ ಓದುವುದಿಲ್ಲ. ಎದುರು ಸೀಟಿನಲ್ಲಿ ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತ ಕುಳಿತ ಚಿಕ್ಕಪ್ಪನಿಂದ ಕೇಳುವುದು ಬೇರೆ ಮಾತು. ಆದರೂ ಕೇಳಿದೆ.

“ಚಿಕ್ಕಪ್ಪ, ನಾಲ್ಕೂ ಗೋಲು ನಿನ್ನ ಕಡೆಯಿಂದ್ಲೇ ಯಾಕ್ ಬಂದ್ವು?”

“ಅಳಿಯಂದ್ರು ಕಣಮ್ಮಿ. ಕಾಲ್ ಕೊಟ್ಟು ಕೆಡುವುಕಾದದಾ? ಮಗಳ್ನ ಕೊಟ್ಟಿವ್ನಿ.”

“ಮಗಳನ್ನ ಕೊಟ್ಟೆ, ಸರಿ. ಗೋಲ್ ಯಾಕ್ ಕೊಟ್ಟೆ? ಅದೂ ನಾಲ್ಕು! ಮುಂದಿನ ಭಾನ್ವಾರ ನಮ್ಮೂರಲ್ಲಿ ಎರಡನೇ ಆಟ. ಅವ್ನ ತಡಿ, ಇಲ್ಲಾ ಜಾಗ ಬಿಡು.”

“ಇವಳ್ಯಾಕ್ ಬಂದ್ಲು ಜೊತೇಲಿ? ಓದ್ಕಂಡೋರ್ ಬಾಯಿಗೆ ಬಾಗ್ಲೇ ಇಲ್ಲ,” ಎಂದು ಗೋಲ್‌ಕೀಪರ್ ಗೊಣಗಿದ. ಚಿಕ್ಕಪ್ಪ ಮುಲಾಮಿನ ಮುಚ್ಚಳ ತಿರುಪುತ್ತ, “ಎಡಗಡೆ ನಾನೇ ನಿಲ್ಲದು,” ಎಂದರು. ನಿಲ್ಲುವುದೇ ನಿನ್ನ ತೊಂದರೆ ಎನ್ನಬೇಕೆಂದಿದ್ದೆ. ಫಾರ್ವರ್ಡ್ ಆಡುವ ನನ್ನ ತಮ್ಮ ನನ್ನ ಕಾಲು ತುಳಿದ.

ಆ ವಾರವೆಲ್ಲ ನಮ್ಮ ಎರಡು ಮನೆಗಳ ನಡುವೆ ಮಾತಿರಲಿಲ್ಲ. ತಪ್ಪನ್ನು ತಪ್ಪು ಎಂದವಳೇ ತಪ್ಪಿತಸ್ಥೆಯಾಗುವುದು ನಮ್ಮ ಕಡೆಯ ಹಳೆಯ ನ್ಯಾಯ. ಚಿಕ್ಕಮ್ಮ ನನ್ನನ್ನು ಕಂಡರೆ ಸೆರಗು ಕೊಡವಿಕೊಂಡು ಹೋಗುತ್ತಿದ್ದರು. ಈ ಬಿಗುವನ್ನು ಒಡೆದದ್ದು ಗುಂಡ್ಲುಪೇಟೆಯಿಂದ ಬಂದ ಫೋನು. ನನ್ನ ತಂಗಿ, ಅಂದರೆ ಚಿಕ್ಕಪ್ಪನ ಮಗಳು, ಮಾತಾಡುತ್ತಿದ್ದದ್ದು ತನ್ನ ಅಪ್ಪನೊಂದಿಗಾದರೂ ಸ್ಪೀಕರಿನ ಕೃಪೆಯಿಂದ ನಮ್ಮ ಹಿತ್ತಿಲಿಗೂ ಕೇಳುತ್ತಿತ್ತು.

“ಅಪ್ಪೋ, ಈ ಮನೇಲಿ ನಂಗೆ ತಲೆ ಎತ್ತಂಗಿಲ್ಲ. ಉಣ್ಣಾಕ್ ಕೂತ್ರೆ ಅದೇ, ಎದ್ರೆ ಅದೇ. ‘ನಿಮ್ಮಪ್ಪನ್ ಮನೆ ಬಾಗ್ಲು ಹಗ್ಲೂ ರಾತ್ರಿ ತಗ್ದೇ ಇರ್ತದೆ, ಯಾರ್ ಬೇಕಾರೂ ನುಗ್ಬೋದು’ ಅಂತ ಇವ್ರು ಅಂದ್ರೆ ನಮ್ಮತ್ತೆ ಬಿದ್ದೂ ಬಿದ್ದೂ ನಗ್ತಾರೆ. ಭಾನ್ವಾರ ನೀನು ಅವ್ರನ್ನ ಕೆಡುವ್ಲೇಬೇಕು.”

“ಅಯ್ಯೋ, ಅಳಿಯಂದ್ರನ್ನ ಕಾಲಲ್ಲಿ...”

“ನನ್ ಗಂಡ, ನಾನ್ ಹೇಳ್ತಿವ್ನಿ. ಕೆಡುವು!”

ನನ್ನ ಎರಡು ಪದವಿಗಳೂ ಸಾಧಿಸದಿದ್ದುದನ್ನು ಆ ಒಂದು ಫೋನು ಸಾಧಿಸಿತು. ಭಾನುವಾರ ನಮ್ಮ ಮೈದಾನದಲ್ಲಿ ಆಟ ಶುರುವಾದ ಸ್ವಲ್ಪ ಹೊತ್ತಿಗೇ ಅಳಿಯ ಚೆಂಡು ಹಿಡಿದು ಎಡಗಡೆಗೆ ನುಗ್ಗಿದ, ಮುಖದಲ್ಲಿ ಅದೇ ಹಳೆಯ ನಗು. ಚಿಕ್ಕಪ್ಪ ಸರಿಯಲಿಲ್ಲ. ನೆಲಕ್ಕೆ ಬಿದ್ದು, ಜಾರಿಕೊಂಡೇ ಹೋಗಿ, ಚೆಂಡನ್ನೂ ಅಳಿಯನನ್ನೂ ಒಟ್ಟಿಗೆ ಗೆರೆಯಾಚೆಗೆ ದಾಟಿಸಿದರು. ಧೂಳು ಇಳಿದಾಗ ಅಳಿಯ ಅಂಗಾತ ಬಿದ್ದಿದ್ದ. ರೆಫರಿ ಸೀಟಿ ಊದಲಿಲ್ಲ. ಪಂದ್ಯಕ್ಕೆಂದೇ ತವರಿಗೆ ಬಂದಿದ್ದ ನನ್ನ ತಂಗಿ, ಗಂಡನ ಸ್ಥಿತಿ ವಿಚಾರಿಸುವ ಮೊದಲು ಒಂದು ಶಿಳ್ಳೆ ಹಾಕಿದಳು. ಅಲ್ಲಿಂದ ಮುಂದೆ ಆ ಕಡೆಯಿಂದ ಒಂದು ಗೋಲೂ ಬರಲಿಲ್ಲ. ಅಳಿಯನೇ ಆ ಕಡೆ ಬರುವುದನ್ನು ಕಡಿಮೆ ಮಾಡಿದ.

ಆದರೆ ನಾವೂ ಗೋಲು ಹೊಡೆಯಲಿಲ್ಲ. ಸೊನ್ನೆಗೆ ಸೊನ್ನೆ. ಎರಡೂ ಆಟಗಳ ಗೋಲು ಕೂಡಿಸಿದಾಗ ಟೂರ್ನಮೆಂಟಿನಿಂದ ಹೊರಬಿದ್ದವರು ನಾವೇ.

ಮಧ್ಯಾಹ್ನ ಚಿಕ್ಕಪ್ಪನ ಮನೆಯಲ್ಲಿ ಅಳಿಯನಿಗೆ ನಾಟಿಕೋಳಿ ಸಾರು, ಮುದ್ದೆ. ನಮಗೂ ಕರೆ ಬಂದಿತ್ತು. ಅಳಿಯ ಮೀನಖಂಡಕ್ಕೆ ಐಸು ಕಟ್ಟಿಕೊಂಡು ಸದ್ದಿಲ್ಲದೆ ಉಣ್ಣುತ್ತಿದ್ದ. ಅವನ ತಟ್ಟೆಗೆ ಸಾರು ಬಿಡುತ್ತ ನನ್ನ ತಂಗಿ, “ನಮ್ಮಪ್ಪನ್ ಮನೆ ಬಾಗ್ಲಲ್ಲಿ ತಲೆ ಹೊಡುಸ್ಕಂಡ್ರಾ?” ಎಂದು ಬಹಳ ಮೃದುವಾಗಿ ವಿಚಾರಿಸಿದಳು. ಚಿಕ್ಕಪ್ಪ ನನ್ನ ಪಕ್ಕ ಬಂದು ಕುಳಿತರು.

“ಏನಮ್ಮಿ, ಇವತ್ತು ಎಡಗಡೆಯಿಂದ ಎಷ್ಟ್ ಬಂತು?”

“ಒಂದೂ ಇಲ್ಲ, ಚಿಕ್ಕಪ್ಪ.”

“ಹಂಗಾರೆ ಇನ್ ಯಾರ್ನ ಕೇಳ್ಬೇಕೋ ಅವ್ರನ್ನ ಕೇಳು.”

ಸರಿಯಾದ ಮಾತು. ಎರಡು ಆಟ, ಒಂದೂ ಗೋಲಿಲ್ಲ. ಗೋಲು ಹೊಡೆಯಬೇಕಾದವನು ನನ್ನ ಎದುರಿಗೇ ಕುಳಿತು ಕೋಳಿಯ ಕಾಲು ಸೀಪುತ್ತಿದ್ದ. ನಾನು ನನ್ನ ತಮ್ಮನ ಕಡೆ ತಿರುಗಿದೆ.

“ಅಕ್ಕ, ಮೊದ್ಲು ಉಣ್ಣಾಕ್ ಬುಡು,” ಎಂದ ಅವನು.